ಬೆಳಗ್ಗೆ ಏಳಕ್ಕೆ ನಿಮ್ಮಪ್ಪನ ಧ್ವನಿ

ಆಲ್ಡರ್‌ಬ್ರೂಕ್, ವಿಸ್ಕಾನ್ಸಿನ್
ಭಾನುವಾರ, 9 ಮಾರ್ಚ್ 2025

ಮುದ್ದು ಮಗ ಆಂಡರ್ಸ್‌ಗೆ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಮಕ್ಕಳ ಕೆಮ್ಮು ನಿಂತಿತೇ? ನಾನು ಹುಷಾರಾಗಿದ್ದೇನೆ. ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಹಾಗೆ ಹೊಂದಿಕೊಂಡಿದ್ದೇವೆ. ಕೆರೆ ಇನ್ನೂ ಹೆಪ್ಪುಗಟ್ಟಿಯೇ ಇದೆ.

ಆಗಸ್ಟ್‌ನಲ್ಲಿ ನಿಮ್ಮಪ್ಪನನ್ನು ಮಣ್ಣು ಮಾಡಿದೆವಲ್ಲ, ಆದರೂ ಅವರು ದಿನಾ ಬೆಳಗ್ಗೆ ಏಳಕ್ಕೆ ಮಾತು ಶುರುಮಾಡುತ್ತಾರೆ. ಜನ ಕೇಳುತ್ತಾರೆಂದು ರೇಡಿಯೋದವರು ಅವರ ಹಳೆಯ ಕಾರ್ಯಕ್ರಮಗಳನ್ನೇ ಮತ್ತೆ ಹಾಕುತ್ತಿದ್ದಾರೆ. ನಮ್ಮ ರೇಡಿಯೋವನ್ನು ನಾನು ಕಪಾಟಿಗೆ ತುರುಕಿಟ್ಟೆ. ಏನು ಪ್ರಯೋಜನ? ಪಕ್ಕದ ಮನೆಯ ಗ್ಯಾರೇಜಿನಿಂದ ಕೇಳಿಸುತ್ತದೆ, ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಕೂತರೆ ಅಲ್ಲೂ ಅವರೇ. "ಆ ಸೆನೆಟರುಗಳ ಬಾಯಿಗೆ ಬೀಗ ಹಾಕಿ, ಬೀಗದ ಕೈ ನಮ್ಮ ಕೆರೆಗೆ ಎಸೀರಿ" ಅನ್ನುತ್ತಾರೆ. ನಡುವೆ ಕೆಮ್ಮುತ್ತಾರೆ. ನನ್ನ ಕೈ ನೀರಿನ ಲೋಟ ಹುಡುಕುತ್ತದೆ.

ಅಧ್ಯಕ್ಷರ ಬಗ್ಗೆ, ಗವರ್ನರ್ ಬಗ್ಗೆ ಅವರು ಏನೇ ಬೈದರೂ ನನಗೆ ಬೇಸರವಿರಲಿಲ್ಲ. ವಾಷಿಂಗ್ಟನ್ನಿನ ದೊಡ್ಡವರಿಗೆ ಬೈಗುಳ ತಾಗುವುದೇ ಇಲ್ಲ. ಎರಡು ಪಕ್ಷದವರೂ ಹಗಲೆಲ್ಲ ಟಿವಿಯಲ್ಲಿ ಕಿರುಚಾಡಿ ಸಂಜೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ. ಅವರ ಜಗಳ ನಂಬಿ ಮಾತು ಬಿಟ್ಟವರು ನಾವು. ಮೂವತ್ತು ವರ್ಷ ಒಬ್ಬರ ದಾರಿಯ ಹಿಮ ಇನ್ನೊಬ್ಬರು ತೆಗೆದುಕೊಟ್ಟವರು ಈಗ ಎದುರು ಮನೆಯ ಅಂಗಳದಲ್ಲಿ ನೆಟ್ಟ ಪಕ್ಷದ ಬೋರ್ಡು ನೋಡಿ ಮುಖ ತಿರುಗಿಸುತ್ತಾರೆ.

ವರ್ನಾ ಸ್ಕೌ ದೊಡ್ಡವಳಾಗಿರಲಿಲ್ಲ. ಟೌನ್ ಹಾಲಿನ ಕ್ಲರ್ಕು, ಹತ್ತೊಂಬತ್ತು ವರ್ಷ ಊರಿನ ಮತ ಎಣಿಸಿದವಳು. 2022ರ ನವೆಂಬರಿನ ಚುನಾವಣೆಯ ಸಂಜೆ ಅವಳು ಹಿಂಬಾಗಿಲಿನಿಂದ ಪೆಟ್ಟಿಗೆಗಳನ್ನು ಕಾರಿಗೆ ತುಂಬುವುದನ್ನು ಕಂಡವಳು ನಾನು. ಊಟದ ಹೊತ್ತಿಗೆ ನಿಮ್ಮಪ್ಪನಿಗೆ ಹೇಳಿದವಳೂ ನಾನೇ. ಬೆಳಗಾದರೆ ವರ್ನಾ ಮತ ಕದ್ದಳೆಂದು ರೇಡಿಯೋದಲ್ಲಿತ್ತು. ಅದೇ ಮಧ್ಯಾಹ್ನ ಚರ್ಚಿನ ಅಡುಗೆಮನೆಯಲ್ಲಿ ಆ ಪೆಟ್ಟಿಗೆಗಳು ತೆರೆದು ಬಿದ್ದಿದ್ದವು: ಚರ್ಚಿನ ಸಾಮೂಹಿಕ ಊಟಕ್ಕೆ ತರಿಸಿದ ಕಪ್ಪು, ಸಾಸರು. ಮನೆಗೆ ಓಡಿಬಂದು ಹೇಳಿದೆ. "ಸೋಮವಾರ ಸರಿಮಾಡ್ತೀನಿ ಬಿಡೇ" ಅಂದರು. ಸೋಮವಾರ ಗವರ್ನರ್ ವಿಷಯ ಬಂತು, ಇದು ಹಾಗೇ ಉಳಿಯಿತು. ಅಷ್ಟರಲ್ಲಿ ವರ್ನಾಳ ಮನೆ ಮುಂದೆ ರೇಡಿಯೋ ಕೇಳಿದವರ ಟ್ರಕ್ಕುಗಳು ಸಾಲಾಗಿ ನಿಂತು ಹಾರ್ನ್ ಬಾರಿಸುತ್ತಿದ್ದವು. ಆಕ್ಸಿಜನ್ ಹಚ್ಚಿಕೊಂಡಿದ್ದ ಗಂಡ ಎಲ್ಮರ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳು ಡುಲೂತ್‌ನ ತಂಗಿಯ ಮನೆಗೆ ಹೋದಳು. ಡಿಸೆಂಬರಿನಲ್ಲಿ ಅವನು ಅಲ್ಲೇ ತೀರಿಕೊಂಡ.

ಆ ವರ್ಷದ ಹಬ್ಬದೂಟದಲ್ಲಿ ನೀನು ಕೇಳಿದೆ: "ಅಪ್ಪಾ, ಅವಳು ಕದ್ದಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?" ಅವರು ನನ್ನ ಮುಖ ನೋಡಿದರು. ನಾನು ಆಲೂಗಡ್ಡೆಯ ಬಟ್ಟಲನ್ನು ನಿನ್ನತ್ತ ಸರಿಸಿದೆ. ನೀನು ಎದ್ದು ಹೋದೆ.

ಮೊನ್ನೆ ಮಂಗಳವಾರ ಅಂಗಡಿಯಲ್ಲಿ ಬ್ರೆಡ್ಡು ಆರಿಸುತ್ತಿದ್ದೆ. ಮೇಲಿನ ಸ್ಪೀಕರಿನಿಂದ ನಿಮ್ಮಪ್ಪನ ಧ್ವನಿ: "ವರ್ನಾ, ಆ ಪೆಟ್ಟಿಗೆಗಳಲ್ಲಿ ಏನಿತ್ತಮ್ಮಾ?" ಯಾರೋ ಕಿಸಕ್ಕನೆ ನಕ್ಕರು. ಆಂಡರ್ಸ್, ಅವರು ವರ್ನಾಳನ್ನಲ್ಲ, ನನ್ನನ್ನು ಕೇಳುತ್ತಿದ್ದಾರೆ ಅನ್ನಿಸಿತು. ಬ್ರೆಡ್ಡು ಅಲ್ಲೇ ಬಿಟ್ಟು ನೆಟ್ಟಗೆ ರೇಡಿಯೋ ಕಚೇರಿಗೆ ಹೋದೆ. ಮ್ಯಾನೇಜರ್ ಮಾರ್ವಿನ್, "ಇಂಗಾ ಆಂಟಿ, ಜನಕ್ಕೆ ಬೇಕು, ನಾನೇನ್ ಮಾಡ್ಲಿ?" ಅಂದ. "ಹಾಗಾದರೆ ಐದು ನಿಮಿಷ ನನಗೂ ಕೊಡು" ಅಂದೆ.

ಗುರುವಾರ ನಿಮ್ಮಪ್ಪನ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ಪೆಟ್ಟಿಗೆಯಲ್ಲಿ ಏನಿತ್ತು, ನನಗೆ ಯಾವಾಗ ಗೊತ್ತಾಯಿತು, ಎಷ್ಟು ದಿನ ಬಾಯಿಮುಚ್ಚಿಕೊಂಡಿದ್ದೆ. ಮೊದಲ ಫೋನು ಮಾಡಿದ ಗಂಡಸು, "ಸತ್ತ ಗಂಡನ ಮರ್ಯಾದೆ ತೆಗೀತೀಯಲ್ಲ, ಎಷ್ಟು ಕೊಟ್ರು ನಿಂಗೆ?" ಅಂದ. ಎರಡನೆಯ ಫೋನಿನಲ್ಲಿ ಬರೀ ಉಸಿರು. ಇಟ್ಟುಬಿಟ್ಟರು. ಇವತ್ತು ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಮಾರ್ವಿನ್ ಆ ಒಂದು ದಿನದ ಧ್ವನಿಮುದ್ರಣ ಮಾತ್ರ ಅಳಿಸಿದ್ದಾನೆ. ಉಳಿದವು ನಾಳೆಯೂ ಬರುತ್ತವೆ.

ನಿಮ್ಮಪ್ಪ ಕೆಟ್ಟವರಾಗಿರಲಿಲ್ಲ. ಅವರು ಸತ್ತಮೇಲೆ ಹೇಳಿದ್ದಕ್ಕೆ ನನಗೆ ನಾಚಿಕೆಯಿದೆ. ಬದುಕಿದ್ದಾಗ ಹೇಳಲಿಲ್ಲವಲ್ಲ, ಅದಕ್ಕೆ ಇನ್ನೂ ಹೆಚ್ಚು. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಮಕ್ಕಳ ತಲೆ ಸವರು. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಇಂಗಾ

ಮರೆತಿದ್ದೆ: ನಿನ್ನೆ ವರ್ನಾ ಫೋನು ಮಾಡಿದ್ದಳು. "ಬಾ. ಒಳಗೆ ಕರೀತೀನಿ ಅಂತ ಹೇಳ್ತಿಲ್ಲ" ಅಂದಳು. ಶನಿವಾರ ಡುಲೂತ್‌ಗೆ ಹೋಗಬೇಕು. ರಸ್ತೆಯಲ್ಲಿ ಮಂಜುಗಡ್ಡೆ, ನನ್ನ ಕಣ್ಣಿಗೆ ಪೊರೆ ಬಂದಿದೆ, ಊರಿನಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ನೀನು ಬಂದು ಕಾರು ಓಡಿಸುತ್ತೀಯಾ? ದಾರಿಯುದ್ದಕ್ಕೂ ನನ್ನೊಡನೆ ಮಾತಾಡದಿದ್ದರೂ ಸರಿ.