ಅಮ್ಮನ ಊರಿನ ಜಲಪಾತಕ್ಕೆ ಟಿಕೆಟ್

ಟವೆಯುನಿ ದ್ವೀಪ, ಮಂಗಳವಾರ

ಲಿತಿಯಾನಕ್ಕಾ,

ಈ ಕಾರ್ಡಿನ ಹಿಂಬದಿಯ ಚಿತ್ರ ಅಮ್ಮನ ಊರಿನ ಜಲಪಾತದ್ದೇ. ಅರವತ್ತೊಂದನೇ ಇಸವಿಯಲ್ಲಿ ಅಮ್ಮ ನಮ್ಮನ್ನು ಮೀಯಿಸಿದ ಮಡುವಿಗೆ ಈಗ ಗೇಟು ಹಾಕಿದ್ದಾರೆ. ತಾಯಿಯ ಊರಲ್ಲಿ ಮಗ ಯಾರನ್ನೂ ಕೇಳದೆ ಏನು ಬೇಕಾದರೂ ಎತ್ತಿಕೊಳ್ಳಬಹುದೆಂಬ ನಮ್ಮ ಫಿಜಿಯ ಪದ್ಧತಿ ನಂಬಿ ನೇರ ನಡೆದೆ. ಟಿಕೆಟ್ ಮಾರುವವಳು ತಡೆದಳು. ಸೋದರಮಾವನ ಮೊಮ್ಮಗಳೇ.

“ಈ ಊರಿನ ಹೆಣ್ಣುಮಗಳ ಮಗ ಕಣಮ್ಮ ನಾನು.”

“ಹಾಗಾದ್ರೆ ಜಲಪಾತಾನೇ ಹೊತ್ಕೊಂಡ್ಹೋಗಿ ತಾತ, ಯಾರೂ ಕೇಳಲ್ಲ. ಒಳಗೆ ಬರೋಕೆ ಮಾತ್ರ ಟಿಕೆಟ್ ಬೇಕು.”

ನಾನು ರೇಗಿದ ಮೇಲೆ ‘ಅತಿಥಿ’ ಎಂದು ಮುದ್ರೆ ಒತ್ತಿದ ಚೀಟಿಯೊಂದನ್ನು ಪುಕ್ಕಟೆ ಕೊಟ್ಟಳು. ದುಡ್ಡು ಕೊಟ್ಟರೆ ಹೊರಗಿನವ, ಇದನ್ನು ತೋರಿಸಿದರೆ ನೆಂಟ. ಮಗನಾಗಿ ಹೋಗುವುದು ಹೇಗೆಂದು ತಿಳಿಯದೆ ಕಡಲ ದಂಡೆಯಲ್ಲಿ ಕೂತಿದ್ದೇನೆ. ಮಂಡಿನೋವು ಪರವಾಗಿಲ್ಲ. ನೀನು ಹಿರಿಯಳು, ಹೋಗಲೋ ಬೇಡವೋ ಹೇಳು. ಅಲ್ಲಿಯ ನೀರು ತುಂಬಿಸಿ ತಾ ಎಂದು ನೀನು ಕೊಟ್ಟ ಸೀಸೆ ಇನ್ನೂ ಖಾಲಿ ಇದೆ.

ತಮ್ಮ,
ಅಪೆನಿಸಾ