ಸೆಕೆಂಡಿಗೆ ಹದಿನಾರು ಚಿತ್ರ

ಸ್ಯಾಂಡಿಫರ್ಡ್, ಡಬ್ಲಿನ್
೯ ಮಾರ್ಚ್ ೨೦೨೫, ಭಾನುವಾರ

ನನ್ನ ಮೇಲೆ ಇನ್ನೂ ಮುನಿಸಿಕೊಂಡಿರುವ ಡಾಕ್ಟರ್ ಗುರುಪ್ರಸಾದನಿಗೆ,

ಫೋನ್ ಮಾಡಿದರೆ ನಾನೇ ಮಾತಾಡುತ್ತೇನೆ, ನೀನು ಬರೀ ಹೂಂಗುಟ್ಟುತ್ತೀಯ. ಅದಕ್ಕೇ ಈ ಕಾಗದ. ನೀನು ನನ್ನನ್ನು ಬಿಟ್ಟು ಆ ದೂರದ ಅತ್ಲೋನ್ ಊರಿನ ಆಸ್ಪತ್ರೆಗೆ ಹೋಗಿ ಏಳು ತಿಂಗಳಾಯಿತು. ನನಗೆ ಬೆಂಗಳೂರಿಗೆ ವರ್ಗ ಸಿಕ್ಕಿದೆ, ಶುಕ್ರವಾರದೊಳಗೆ ಒಪ್ಪಿಗೆ ಹೇಳಬೇಕು. ಹೋದರೆ ನಮ್ಮ ಮದುವೆ ಮುಗಿದ ಹಾಗೆ. ಅದು ಇಬ್ಬರಿಗೂ ಗೊತ್ತು.

ನಿನ್ನೆ ಒಂದು ಘನಂದಾರಿ ಎಡವಟ್ಟು ಮಾಡಿದೆ, ಕೇಳು. ಇಲ್ಲಿನ ಫಿಲ್ಮ್ ಕ್ಲಬ್ಬಿನವರು ನೂರಿಪ್ಪತ್ತು ವರ್ಷ ಹಿಂದಿನ ಬ್ರಿಟಿಷ್ ಮೂಕಿ ಹಾಸ್ಯಚಿತ್ರಗಳನ್ನು ತೋರಿಸುವವರಿದ್ದಾರೆ. ಎಲ್ಲ ಎರಡು ಮೂರು ನಿಮಿಷದವು. ಕಂಪ್ಯೂಟರಿನಲ್ಲಿ ಅವನ್ನು ಜೋಡಿಸುವ ಕೆಲಸ ನನ್ನದು. ಒಂದರಲ್ಲಿ ಗಂಡನೊಬ್ಬ ಸ್ನಾನದ ತೊಟ್ಟಿಯನ್ನು ತಲೆಮೇಲೆ ಹೊತ್ತು ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಪೊಲೀಸ್, ಪಾದ್ರಿ, ಮೀನು ಮಾರುವವಳು, ಎಲ್ಲರನ್ನೂ ಕೆಡವುತ್ತಾನೆ. ಊರೆಲ್ಲ ಅಟ್ಟಿಸಿಕೊಂಡು ಬರುತ್ತದೆ. ಹೆಂಡತಿ ಬಾಗಿಲು ತೆರೆದವಳೇ ದಢಾರನೆ ಮುಚ್ಚುತ್ತಾಳೆ. ನಾನು ಬಿದ್ದು ಬಿದ್ದು ನಕ್ಕೆ.

ಪ್ರೊಜೆಕ್ಟರ್ ನೋಡಿಕೊಳ್ಳುವ ಮುದುಕ ಡೆಕ್ಲನ್ ಮಾತ್ರ ನಗಲಿಲ್ಲ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರಂತೆ, ಇದು ಸೆಕೆಂಡಿಗೆ ಹದಿನಾರೇ ಚಿತ್ರವಂತೆ. ನಾನೋ, ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದ ಇಪ್ಪತ್ನಾಲ್ಕನ್ನು ಹಾಗೇ ಬಿಟ್ಟಿದ್ದೆ, ಎಲ್ಲ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತಿತ್ತು! ಅವರೇನೂ ಓಡ್ತಿಲ್ಲಮ್ಮ, ನೀನು ಓಡಿಸ್ತಿದ್ದೀಯ ಅಂತ ತನ್ನ ಇಂಗ್ಲಿಷಿನಲ್ಲಿ ಹೇಳಿದ.

ಸರಿಮಾಡಿ ಮತ್ತೆ ನೋಡಿದೆ. ಬಾಗಿಲು ಮುಚ್ಚುವ ಮೊದಲು ಆ ಗಂಡ ಬಾಯಿ ತೆರೆದು ಏನೋ ಹೇಳಲು ಹೊರಟಿದ್ದ ಕಣೋ. ಅವಳು ಕಾಯಲೇ ಇಲ್ಲ. ನನಗೆ ಅಳು ಬಂತು. ಡೆಕ್ಲನ್ ಏನಾಯ್ತು ಅಂದಿದ್ದಕ್ಕೆ ಇಲ್ಲಿಯವರು ಏನೂ ಆಗಿಲ್ಲ ಅನ್ನಲು ಹೇಳುವ ಹಾಗೆ ಗ್ರ್ಯಾಂಡ್, ಗ್ರ್ಯಾಂಡ್ ಅಂದುಬಿಟ್ಟೆ.

ಅತ್ಲೋನಿನ ಕೆಲಸದ ಬಗ್ಗೆ ನೀನು ವಿಡಿಯೋ ಕಾಲಿನಲ್ಲಿ ಅತ್ತೆಗೆ ಹೇಳಲು ಶುರುಮಾಡಿದಾಗ, ಇವರಿಗೆ ಇಷ್ಟ ಇಲ್ಲ ಅತ್ತೆ, ಬೇಡ ಅಂತಾರೆ ಅಂತ ಬಾಯಿ ಹಾಕಿದವಳು ನಾನು. ನಿನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಮದುವೆಯಾದಾಗಿನಿಂದ ನಿನ್ನ ಮಾತುಗಳನ್ನೆಲ್ಲ ನಾನೇ ಮುಗಿಸುತ್ತಾ ಬಂದಿದ್ದೇನೆ. ನೀನು ನಿಧಾನ ಅಂತ ಎಲ್ಲರ ಮುಂದೆ ಆಡಿಕೊಂಡೆ. ತಾಳ್ಮೆ ಇಲ್ಲದಿದ್ದದ್ದು ನನಗೆ. ತಪ್ಪಾಯ್ತು ಗುರು. ನೀನಿಲ್ಲದ ಮನೆ ನನಗೆ ಒಂದು ಚೂರೂ ಸೇರುತ್ತಿಲ್ಲ.

ಬರುವ ಶನಿವಾರ ಮಧ್ಯಾಹ್ನ ಪ್ರದರ್ಶನ. ರೈಲು ಹತ್ತಿ ಬಾ. ಆವತ್ತು ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಹೇಳು. ಒಂದು ಗಂಟೆ ಹಿಡಿದರೂ ನಡುವೆ ತುಟಿ ಬಿಚ್ಚುವುದಿಲ್ಲ.

ಈಗಲೂ ನಿನ್ನವಳೇ ಆದ
ನಿಸರ್ಗಾ

ತಾ.ಕ.: ಬೆಂಗಳೂರು ಬೇಡವೆಂದು ಇವತ್ತು ಬೆಳಿಗ್ಗೆಯೇ ಆಫೀಸಿಗೆ ಬರೆದುಬಿಟ್ಟೆ. ನಿನ್ನ ಉತ್ತರಕ್ಕೂ ಕಾಯಲಿಲ್ಲ. ಇದೊಂದು ಅವಸರಕ್ಕೆ ಬೈಯಬೇಡ ಮಾರಾಯ.