ಮಂಗಳ ವಸತಿಯಲ್ಲಿ ಆರು ಕೋಣೆ ಖಾಲಿ

ಮಾನ್ಯ ನಿರ್ದೇಶಕರೇ,

ಕ್ಯಾಸಲ್‌ನಾಕ್‌ನಲ್ಲಿ ನಿಮ್ಮ ಕಚೇರಿ ಕಟ್ಟಿಸಿದ ಮಂಗಳಗ್ರಹದ ನಕಲಿ ವಸತಿಯಲ್ಲಿ ಆರು ಕೋಣೆಗಳು ಹನ್ನೊಂದು ತಿಂಗಳಿಂದ ಖಾಲಿ ಬಿದ್ದಿವೆ. ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಕೋಣೆಯೂ ಇಲ್ಲದೆ, ಕೋವಿಡ್ ಬಂದ ಹುಡುಗಿಯೊಬ್ಬಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಐದು ದಿನ ಮಲಗಿದ್ದಳು. ಕೋಣೆ ಕೊಡಿ ಎಂದು ಎರಡು ಸಲ ಬರೆದೆ. 'ಪ್ರಯೋಗದ ಶುದ್ಧತೆ ಕೆಡುತ್ತದೆ' ಎಂದು ಉತ್ತರಿಸಿದಿರಿ. ಯಾವ ಪ್ರಯೋಗ, ಸ್ವಾಮಿ? ಮಂಗಳಯಾತ್ರಿಕರಂತೆ ಬದುಕಬೇಕಿದ್ದ ಆರು ಸ್ವಯಂಸೇವಕರು ಸೋಂಕಿನ ಭಯಕ್ಕೆ ಬರಲೇ ಇಲ್ಲ. ಆದರೂ ಹೀಟರ್ ಉರಿಯುತ್ತದೆ, ಗಾಳಿ ಸೋಸುವ ಯಂತ್ರ ಓಡುತ್ತದೆ. ಯಾರೂ ಮುಟ್ಟದ ಹಿಡಿಕೆಗಳನ್ನು ವಾರಕ್ಕೆರಡು ಸಲ ಸ್ಯಾನಿಟೈಸರಿನಲ್ಲಿ ಒರೆಸುವವನು ನಾನು. ಕಾಲೇಜಿನ ಶುಲ್ಕಕ್ಕಾಗಿ ನಿಮ್ಮ ಮಂಗಳವನ್ನು ಗುಡಿಸುವ ವಿದ್ಯಾರ್ಥಿ.

ಆ ಹುಡುಗಿಯನ್ನು ನಿಸರ್ಗಾ ಎನ್ನೋಣ. ನಿಜವಾದ ಹೆಸರು ನಿಮಗೆ ಸಿಗುವುದಿಲ್ಲ. ಓದುತ್ತಲೇ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತಾಳೆ. ಕಳೆದ ವರ್ಷ ನೀವೆಲ್ಲ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು ಇಂಥವರಿಗೇ. ನಮ್ಮ ಮನೆಯಲ್ಲಿ ಮೂರು ಕೋಣೆ, ಎಂಟು ಜನ. ಬಾಡಿಗೆ ಕರಾರಿನಲ್ಲಿ ಮಾತ್ರ ಇಬ್ಬರ ಹೆಸರು. ಸೋಮವಾರ ಅವಳ ವರದಿ ಪಾಸಿಟಿವ್ ಬಂತು. ಆರೋಗ್ಯ ಇಲಾಖೆಯಿಂದ ಕರೆ ಬಂದಾಗ ಅವಳು ಜ್ವರದಲ್ಲಿದ್ದಳು. ಫೋನ್ ಎತ್ತಿದವನು ಆ ಎಂಟರಲ್ಲಿ ಒಬ್ಬನಾದ ನಮ್ಮ ತೇಜು.

"ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಇಬ್ರೇ ಅಂದ್ಬಿಟ್ಟೆ ಕಣೋ!"

"ಯಾಕೋ ಹಂಗಂದೆ, ಪೆದ್ದ?"

"ಲೀಸಲ್ಲಿ ಇರೋದು ಇಬ್ರೇ ಅಲ್ವಾ? ಬಾಯಿಗೆ ಅದೇ ಬಂತು. ಹಾಗಾದ್ರೆ ಯೂ ಆರ್ ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ ಅಂತ ಫೋನ್ ಇಟ್ಬಿಟ್ರು."

ಇಬ್ಬರಿಗೆ ಮೂರು ಕೋಣೆಯಿರುವ ಮನೆಗೆ ಪ್ರತ್ಯೇಕವಾಸದ ಹೋಟೆಲು ಯಾರು ಕೊಡುತ್ತಾರೆ? ತಪ್ಪು ನಮ್ಮದೇ. ತಿದ್ದಿ ಹೇಳಿದರೆ ಮನೆಯ ಮಾಲೀಕನ ಕಿವಿಗೆ ಬಿದ್ದು, ಲಾಕ್‌ಡೌನ್ ನಡುವೆ ಎಂಟೂ ಜನ ಬೀದಿಗೆ. ಸುಳ್ಳು ಹೇಳದಿದ್ದರೆ ಸೂರಿಲ್ಲ ಎನ್ನುವ ವ್ಯವಸ್ಥೆಯನ್ನು ಕಟ್ಟಿದವರು ಯಾರು, ತೇಜುವೇ?

ನಿಸರ್ಗಾಳ ಜಾತಕದಲ್ಲಿ ಕುಜದೋಷ. ಎರಡು ಸಂಬಂಧ ಮುರಿದ ಮೇಲೆ ಓದಲು ನಿಮ್ಮ ದೇಶಕ್ಕೆ ಬಂದವಳು. "ಮಂಗಳ ಇಲ್ಲೂ ಬೆನ್ನು ಬಿಡ್ಲಿಲ್ಲ ನೋಡೋ," ಎಂದು ಕೆಮ್ಮುತ್ತಲೇ ನಕ್ಕಳು. ಅವಳ ಊರಿನವರು ಮಂಗಳನ ಹೆಸರಲ್ಲಿ ಬಾಗಿಲು ಮುಚ್ಚಿದರು. ಅದು ಮೂಢನಂಬಿಕೆ. ನೀವೂ ಅದೇ ಹೆಸರಲ್ಲಿ ಮುಚ್ಚಿದಿರಿ. ಇದು ವಿಜ್ಞಾನ.

ನಾನು ವಿಜ್ಞಾನದ ಶತ್ರುವಲ್ಲ. ಮೊನ್ನೆ ಗುರುವಾರ ರೋವರ್ ಮಂಗಳಕ್ಕಿಳಿದಾಗ ನಾನೂ ಅತ್ತೆ. ಆಮೇಲೆ ನೀವು ಪರದೆಯ ಮೇಲೆ ಬಂದು, ಮನುಕುಲಕ್ಕೆ ಇನ್ನೊಂದು ಮನೆ ಹುಡುಕುತ್ತಿದ್ದೇವೆ ಎಂದಿರಿ. ಹೋರಾಟದ ಕರಪತ್ರಗಳನ್ನೇ ಓದಿ ಬೆಳೆದ ನನ್ನದು ಒಂದೇ ಪ್ರಶ್ನೆ: ಆ ಮನುಕುಲದ ಪಟ್ಟಿಯಲ್ಲಿ ಎಷ್ಟು ಹೆಸರಿವೆ?

ಇವತ್ತು ಬೆಳಿಗ್ಗೆ ನನ್ನ ಪಾಳಿ. ನಿಸರ್ಗಾಳನ್ನು ಮೂರನೆಯ ಕೋಣೆಯಲ್ಲಿ ಮಲಗಿಸಿದ್ದೇನೆ. ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿ ವಸತಿಯ ಬಾಗಿಲಲ್ಲಿದೆ. ಒಂದು ವಾರ ಅಲ್ಲಿಗೆ ಕಾವಲುಗಾರರನ್ನು ಕಳಿಸಬೇಡಿ. ಹೀಟರ್ ಆರಿಸಬೇಡಿ. ತೇಜುವಿನ ಗಂಟಲೂ ನಿನ್ನೆಯಿಂದ ಕೆರೆಯುತ್ತಿದೆ, ಉಳಿದ ಐದು ಕೋಣೆಗಳನ್ನು ನೀವೇ ತೆರೆಯಿರಿ. ದೂರು ಕೊಡಲೇಬೇಕಿದ್ದರೆ ನನ್ನ ಮೇಲೆ ಕೊಡಿ. ಅವಳು ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸಬೇಡಿ.

ಇಂತಿ,
ಬಹುಶಃ ಇವತ್ತಿನವರೆಗೆ ಮಾತ್ರ ತಮ್ಮ ನೌಕರ,
ಸ್ಕಂದ